ಹೆವಿ ಲೈಸೆನ್ಸ್ ಬಂತು, ಮೊದಲು ಯಾವ ಗಾಡಿ ಹತ್ತಲಿ?

ಪ್ರಶ್ನೆ: ಅಣ್ಣಾರೇ, ನಮ್ಮದು ಮುಧೋಳ ತಾಲೂಕಿನ ಹಳ್ಳಿ. ನನಗೆ 22 ವರ್ಷ. ಮನೆಯ ಟ್ರ್ಯಾಕ್ಟರ್ ಓಡಿಸಿ ರೂಢಿ ಇದೆ. ಎರಡು ವರ್ಷ ಬೊಲೆರೊ ಪಿಕಪ್‌ನಲ್ಲಿ ತರಕಾರಿ ಹೇರಿದ್ದೇನೆ. ಹೋದ ತಿಂಗಳು ಹೆವಿ ಲೈಸೆನ್ಸ್ ಕೈಗೆ ಬಂತು. ಈಗ ನಾಲ್ಕು ಕಡೆಯಿಂದ ಕೆಲಸಕ್ಕೆ ಕರೆದಿದ್ದಾರೆ. ಒಂದು, ಮಾವನ ಪರಿಚಯದವರ ಹತ್ತು ಚಕ್ರದ ಲಾರಿ, ಹಂಗಾಮು ಮುಗಿಯುವ ತನಕ ಕಬ್ಬು, ಟ್ರಿಪ್ ಲೆಕ್ಕ. ಎರಡು, ಬೆಳಗಾವಿಯ ಮಾಲಕರೊಬ್ಬರ ಹದಿನಾಲ್ಕು ಚಕ್ರದ ಗಾಡಿ, ಮುಂಬೈ ಲೈನ್. ಪಗಾರ ಎಲ್ಲಕ್ಕಿಂತ ಜಾಸ್ತಿ, ನಾಳೆಯೇ ಚಾವಿ ಕೊಡುತ್ತೇನೆ ಅನ್ನುತ್ತಾರೆ. ಮೂರು, ಸಿಮೆಂಟ್ ಬಲ್ಕರ್, ಚೀಲ ಇಲ್ಲದೆ ಪುಡಿ ಸಿಮೆಂಟ್ ಒಯ್ಯುವ ಟ್ಯಾಂಕ್ ಗಾಡಿ. ನಾಲ್ಕು, ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಿಂದ ಕೊಲ್ಹಾಪುರ, ಪುಣೆಗೆ ಕಾಸ್ಟಿಂಗ್ (ಎರಕದ ಕಬ್ಬಿಣದ ಮಾಲು) ಒಯ್ಯುವ ಆರು ಚಕ್ರದ ಗಾಡಿ. ಅಲ್ಲಿ ಮೊದಲ ಮೂರು ತಿಂಗಳು ಹಿರಿಯ ಡ್ರೈವರ್ ಜೊತೆ ಹೋಗಬೇಕಂತೆ, ಪಗಾರವೂ ಕಡಿಮೆ. ಮನೆಯಲ್ಲಿ ಸಾಲ ಇದೆ. ಅವ್ವ ದೂರದ ಲೈನ್ ಬೇಡ ಅನ್ನುತ್ತಾಳೆ. ಯಾವುದಕ್ಕೆ ಹೋಗಲಿ?

ಉತ್ತರ: ತಮ್ಮಾ, ಉದ್ಯಮಬಾಗದ ಆರು ಚಕ್ರದ ಗಾಡಿ ಹತ್ತು. ಪಗಾರ ಕಡಿಮೆ ಅಂತ ಅದನ್ನು ಕೊನೆಗೆ ಬರೆದಿದ್ದೀಯ, ನಾನು ಅದನ್ನೇ ಮೊದಲು ಇಡುತ್ತೇನೆ. ಹಿರಿಯ ಡ್ರೈವರ್ ಜೊತೆ ಕಳಿಸುತ್ತೇನೆ ಅಂತ ಹೇಳಿದ ಮಾಲಕರು ನಾಲ್ವರಲ್ಲಿ ಅವರೊಬ್ಬರೇ. ಮನೆಯ ಸಾಲದ ವಿಷಯ ಓದಿಕೊಂಡೇ ಈ ಮಾತು ಹೇಳುತ್ತಿದ್ದೇನೆ. ಸಾಲದ ಲೆಕ್ಕಕ್ಕೆ ಮುಂದೆ ಬರುತ್ತೇನೆ.

ನಾನು ವರ್ಷಗಟ್ಟಲೆ ಲಾರಿ ಓಡಿಸಿ, ಈಗ ಹೊಸಬರಿಗೆ ಹೆವಿ ಗಾಡಿ ಕಲಿಸುತ್ತೇನೆ. ಲೈಸೆನ್ಸ್ ಹಿಡಿದು ಬರುವ ಹುಡುಗರು ಪಗಾರ ಎಲ್ಲಿ ಜಾಸ್ತಿ ಅಂತ ಕೇಳುತ್ತಾರೆ. ನಾನು ಅವರನ್ನು ಕೇಳುವುದು, ಪಕ್ಕದ ಸೀಟಿನಲ್ಲಿ ಯಾರು ಕೂರುತ್ತಾರೆ ಅಂತ. ಹಿಂದೆ ಈ ಪ್ರಶ್ನೆ ಬೇಕಿರಲಿಲ್ಲ. ಎಲ್ಲರೂ ಕ್ಲೀನರ್ ಆಗಿಯೇ ಗಾಡಿ ಹತ್ತುತ್ತಿದ್ದರು. ಟಾಯರ್ ಬಡಿದು ಗಾಳಿ ನೋಡುವುದು, ಹಗ್ಗ ಬಿಗಿದು ತಾಡಪತ್ರಿ ಕಟ್ಟುವುದು, ಹಿಂದೆ ನಿಂತು ಸೈಡ್ ಹೇಳುವುದು, ಕಾಟಾ ಮಾಡಿಸುವುದು ಅಂದರೆ ಗಾಡಿಯ ತೂಕ ಹಾಕಿಸುವುದು, ರಾತ್ರಿ ಗುರುವಿಗೆ ನಿದ್ದೆ ಬಾರದ ಹಾಗೆ ಮಾತಾಡಿಸುತ್ತಾ ಕೂರುವುದು, ಇದೆಲ್ಲ ಆದ ಮೇಲೆ ಲೈಸೆನ್ಸ್. ಅದಾದ ಮೇಲೂ ಮೊದಲು ಖಾಲಿ ಗಾಡಿ, ಆಮೇಲೆ ಲೋಡು. ಈಗ ಖರ್ಚು ಉಳಿಸಲು ಬಹಳ ಮಾಲಕರು ಕ್ಲೀನರ್ ಇಡುವುದನ್ನೇ ಬಿಟ್ಟಿದ್ದಾರೆ. ನ್ಯಾಷನಲ್ ಪರ್ಮಿಟ್ ಗಾಡಿಗೆ ಇಬ್ಬರು ಡ್ರೈವರ್ ಇರಬೇಕು ಅನ್ನುವ ನಿಯಮವನ್ನೂ 2018ರಲ್ಲಿ ತೆಗೆದರು. ಹಾಗಾಗಿ ಕಲಿಯುವ ಜಾಗವೇ ಇಲ್ಲವಾಗಿದೆ. ಆ ಕಲಿಕೆ ಈಗ ಮೊದಲ ಕೆಲಸದಲ್ಲಿಯೇ ಆಗಬೇಕು. ಕೆಲಸ ಆರಿಸುವಾಗ ಇದನ್ನು ಎಲ್ಲಕ್ಕಿಂತ ಮೇಲೆ ಇಟ್ಟುಕೋ.

ನಿನಗೆ ಏನೂ ಬರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆಯುವುದು ಸಣ್ಣ ಕೆಲಸ ಅಲ್ಲ, ಅದು ಮುಂದೆ ದೊಡ್ಡ ಟ್ರೇಲರ್ ಗಾಡಿಗೆ ಹೋದಾಗ ಬಹಳ ಉಪಯೋಗಕ್ಕೆ ಬರುತ್ತದೆ. ಪಿಕಪ್ ಓಡಿಸಿದ್ದರಿಂದ ಪೇಟೆಯ ರಸ್ತೆ, ಮಾರ್ಕೆಟ್ ಜನ, ಹಮಾಲರು, ಬಾಡಿಗೆ ವ್ಯವಹಾರ ಗೊತ್ತಾಗಿದೆ. ಆದರೆ ಲೈಸೆನ್ಸ್ ಪರೀಕ್ಷೆ ಕೊಟ್ಟದ್ದು ಖಾಲಿ ಗಾಡಿಯ ಮೇಲೆ, ಅಲ್ವಾ? ಲೋಡಾದ ಲಾರಿ ಬೇರೆಯೇ ಗಾಡಿ. ಆರು ಚಕ್ರದ ಲಾರಿ ತುಂಬಿದರೆ ಒಟ್ಟು ಹದಿನೆಂಟೂವರೆ ಟನ್ ಹತ್ತಿರ, ಹದಿನಾಲ್ಕು ಚಕ್ರದ್ದು 42 ಟನ್ ಹತ್ತಿರ. ಟಾಟಾ ಗಾಡಿಯ ನಂಬರಿನಲ್ಲೇ ಇದು ಗೊತ್ತಾಗುತ್ತದೆ. 2818 ಅಂದರೆ 28 ಟನ್, 180 ಎಚ್‌ಪಿ. 4225 ಅಂದರೆ 42 ಟನ್, 250 ಎಚ್‌ಪಿ. ತೂಕ ಏರಿದಷ್ಟು ಎಂಜಿನ್ ಶಕ್ತಿ ಏರಿಲ್ಲ, ನೋಡು. ಏರಿನಲ್ಲಿ ಇದರಿಂದ ಬರೀ ತಡ ಆಗುತ್ತದೆ. ಇಳಿಜಾರಿನಲ್ಲಿ ಆ 42 ಟನ್ನನ್ನು ಹಿಡಿದು ಇಳಿಸುವ ಕೆಲಸ ನಿನ್ನದು.

ಮುಂಬೈ ಲೈನಿಗೆ ಈಗಲೇ ಬೇಡ ಅನ್ನುವುದು ಇದಕ್ಕೇ. ಬೆಳಗಾವಿ ಬಿಟ್ಟು ರಾಷ್ಟ್ರೀಯ ಹೆದ್ದಾರಿ 48 ಹಿಡಿದರೆ ಮೊದಲು ವಂಟಮುರಿ ಘಾಟ್, ನಿಪ್ಪಾಣಿ ಹತ್ತಿರ ತವಂದಿ ಘಾಟ್. ಇವು ಸಣ್ಣವು, ಆದರೂ ಅಲ್ಲಿ ಲಾರಿ ಮಗುಚುವುದು ನಿಂತಿಲ್ಲ. ಸಾತಾರಾ ದಾಟಿದ ಮೇಲೆ ಖಂಬಾಟ್ಕಿ. ಪುಣೆಗೆ ಇಳಿಯುವಾಗ ಕಾತ್ರಜ್ ಹೊಸ ಸುರಂಗ, ಅಲ್ಲಿಂದ ನವಲೆ ಸೇತುವೆ ತನಕ ಉದ್ದನೆಯ ಇಳಿಜಾರು. ಅದು ಮುಗಿದು ಮುಂಬೈ ಕಡೆ ಹೋದರೆ ಖಂಡಾಳಾದ ಬೋರ್ ಘಾಟ್. ನವಲೆ ಸೇತುವೆ ಹತ್ತಿರ ಲಾರಿಗಳು ಬ್ರೇಕ್ ಹತ್ತದೆ ಮುಂದಿನ ವಾಹನಗಳಿಗೆ ಗುದ್ದಿದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಎಷ್ಟೋ ಸಲ ಪೊಲೀಸರು ಹೇಳುವ ಕಾರಣ ಒಂದೇ, ಡೀಸೆಲ್ ಉಳಿಸಲು ಡ್ರೈವರ್ ಗಾಡಿಯನ್ನು ನ್ಯೂಟ್ರಲ್ ಮಾಡಿ ಬಿಟ್ಟಿದ್ದ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಧಾಬಾದಲ್ಲಿ ಕೂತ ಯಾರಾದರೂ ನಿನಗೆ ಈ ನ್ಯೂಟ್ರಲ್ ವಿದ್ಯೆ ಕಲಿಸಿಯೇ ಕಲಿಸುತ್ತಾರೆ. ಗೇರಿನಲ್ಲಿದ್ದಾಗ ಎಂಜಿನ್ ಗಾಡಿಯನ್ನು ಹಿಡಿದಿರುತ್ತದೆ. ನ್ಯೂಟ್ರಲ್ ಮಾಡಿದರೆ ಆ ಹಿಡಿತ ಹೋಗುತ್ತದೆ, ಎಂಜಿನ್ ಹೊಗೆ ತಡೆದು ಗಾಡಿ ನಿಧಾನ ಮಾಡುವ ಎಕ್ಸಾಸ್ಟ್ ಬ್ರೇಕ್ ಇದ್ದರೂ ಕೆಲಸಕ್ಕೆ ಬರುವುದಿಲ್ಲ. ಎಲ್ಲ ಭಾರ ಕಾಲಿನ ಬ್ರೇಕ್ ಮೇಲೆ ಬೀಳುತ್ತದೆ. ಮತ್ತೆ ಮತ್ತೆ ಒತ್ತಿದರೆ ಡ್ರಮ್ ಕಾಯುತ್ತದೆ, ಲೈನರ್ ಹಿಡಿತ ಬಿಡುತ್ತದೆ, ಬ್ರೇಕ್ ಟ್ಯಾಂಕಿನ ಗಾಳಿಯೂ ಇಳಿಯುತ್ತದೆ. ಆಗ ಗೇರ್ ಹಾಕಲು ಹೋದರೆ ಆ ವೇಗದಲ್ಲಿ ಗೇರ್ ಬೀಳುವುದಿಲ್ಲ. ಡೀಸೆಲ್ ಉಳಿಯುತ್ತದೆ ಅನ್ನುವುದೂ ಈಗಿನ ಗಾಡಿಗಳಲ್ಲಿ ಸುಳ್ಳು. ಗೇರಿನಲ್ಲಿದ್ದು ಎಕ್ಸಲೇಟರ್‌ನಿಂದ ಕಾಲು ತೆಗೆದರೆ ಎಂಜಿನ್‌ಗೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಬಂದ್ ಆಗದಿರಲು ಡೀಸೆಲ್ ಕುಡಿಯುತ್ತಲೇ ಇರಬೇಕು. ಯಾವ ಗೇರಿನಲ್ಲಿ ಘಾಟ್ ಹತ್ತಬೇಕೋ ಅದೇ ಗೇರಿನಲ್ಲಿ ಇಳಿ. ಆ ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿಕೋ.

ಇದನ್ನು ಓದಿದರೆ ತಲೆಗೆ ಹೋಗುತ್ತದೆ. ಕಾಲಿಗೆ ಹೋಗಬೇಕಾದರೆ ಪಕ್ಕದಲ್ಲಿ ಕೂತವರೊಬ್ಬರು ‘ಈಗ ಇಳಿಸು, ಇನ್ನೊಂದು ಗೇರ್ ಇಳಿಸು’ ಅಂತ ಹೇಳಬೇಕು. ಒಬ್ಬನೇ ಹೋದವನಿಗೆ ಅದನ್ನು ಕಲಿಸುವುದು ಘಾಟ್, ಮತ್ತು ಘಾಟ್ ಎರಡನೇ ಅವಕಾಶ ಕೊಡುವುದಿಲ್ಲ. ಹೋದ ತಿಂಗಳು ಲೈಸೆನ್ಸ್ ಸಿಕ್ಕ 22 ವರ್ಷದ ಹುಡುಗನಿಗೆ 42 ಟನ್ ಗಾಡಿಯ ಚಾವಿಯನ್ನು ನಾಳೆಯೇ ಕೊಡುತ್ತೇನೆ ಅನ್ನುವ ಮಾಲಕರ ಬಗ್ಗೆ ನನಗೆ ಸಿಟ್ಟು ಬರುತ್ತದೆ. ಅವರ ಬಳಿ ಅನುಭವಿ ಡ್ರೈವರ್ ಯಾಕೆ ನಿಲ್ಲಲಿಲ್ಲ ಅಂತ ವಿಚಾರಿಸಿ ನೋಡು.

ಇನ್ನು ಕಬ್ಬು. ನಮ್ಮ ಮುಧೋಳ, ಜಮಖಂಡಿ, ಅಥಣಿ, ರಾಯಬಾಗ, ಗೋಕಾಕ ಭಾಗದಲ್ಲಿ ಬಹಳ ಜನ ಡ್ರೈವರ್ ಆಗಿದ್ದೇ ಕಬ್ಬಿನ ಗಾಡಿಯಿಂದ. ಮನೆಯ ಹತ್ತಿರದ ಕೆಲಸ, ಪರಿಚಯದ ಜನ, ದಾರಿ ಸಣ್ಣದು. ಹೊಲದ ದಾರಿಯಲ್ಲಿ ಗಾಡಿ ತಿರುಗಿಸುವುದನ್ನು ಇದರಷ್ಟು ಚೆನ್ನಾಗಿ ಬೇರೆ ಯಾವ ಕೆಲಸವೂ ಕಲಿಸುವುದಿಲ್ಲ. ಆದರೂ ಮೊದಲ ಕೆಲಸವಾಗಿ ನಾನು ಇದನ್ನು ಎರಡು ಕಾರಣಕ್ಕೆ ಬೇಡ ಅನ್ನುತ್ತೇನೆ. ಕಬ್ಬಿನ ಲೋಡು ಎತ್ತರ, ಡಾಲಾದ (ಮಾಲು ಹೇರುವ ಹಿಂಭಾಗದ) ಆಚೆಗೂ ಚಾಚಿರುತ್ತದೆ, ಒಂದು ಕಡೆಗೆ ವಾಲುತ್ತದೆ. ಎರೆ ಹೊಲದಿಂದ ಮೇಲೆ ಬರುವಾಗ ಒಂದು ಚಕ್ರ ಕುಸಿದರೆ ಮುಗಿಯಿತು. ಜೊತೆಗೆ ಟ್ರಿಪ್ ಲೆಕ್ಕದ ಪಗಾರ. ಕಾರ್ಖಾನೆ ಯಾರ್ಡಿನಲ್ಲಿ ಸರದಿ ಬರುವ ತನಕ ಗಂಟೆಗಟ್ಟಲೆ ಕಾಯುತ್ತೀಯ, ಆ ಹೊತ್ತಿಗೆ ದುಡ್ಡಿಲ್ಲ. ಹೋದ ಹೊತ್ತನ್ನು ರಸ್ತೆಯಲ್ಲಿ ಹಿಡಿಯಲು ಹೋಗುತ್ತೀಯ. ಅದೂ ರಾತ್ರಿ, ಹಿಂದೆ ಕೆಂಪು ರಿಫ್ಲೆಕ್ಟರ್ ಇಲ್ಲದ ಡಬಲ್ ಟ್ರೇಲರ್ ಟ್ರ್ಯಾಕ್ಟರ್‌ಗಳ ನಡುವೆ. ಅವು ಎಷ್ಟು ಕಾಣುತ್ತವೆ ಅಂತ ಟ್ರ್ಯಾಕ್ಟರ್ ಓಡಿಸಿದ ನಿನಗೆ ನಾನು ಹೇಳಬೇಕಿಲ್ಲ. ಹಂಗಾಮು ನವೆಂಬರ್ ಹೊತ್ತಿಗೆ ಶುರುವಾದರೆ ಮಾರ್ಚ್ ಹೊತ್ತಿಗೆ ಮುಗಿಯುತ್ತದೆ, ಆಮೇಲೆ ಮತ್ತೆ ಕೆಲಸ ಹುಡುಕಬೇಕು.

ಮುಂದೆ ಯಾವಾಗಲಾದರೂ ಕಬ್ಬಿಗೆ ಹೋದರೆ ಒಂದು ಮಾತು ನೆನಪಿರಲಿ. ಕಬ್ಬು ಕಡಿಯುವ ಗ್ಯಾಂಗಿನವರನ್ನು ಲೋಡಿನ ಮೇಲೆ ಕೂರಿಸಿಕೊಂಡು ಬರಬೇಡ. ಎಲ್ಲರೂ ಮಾಡುತ್ತಾರೆ ಅನ್ನುತ್ತಾರೆ. ಮಾಲು ಸಾಗಿಸುವ ಗಾಡಿಯಲ್ಲಿ ಜನರನ್ನು ಹೇರಿದರೆ ಲೈಸೆನ್ಸ್ ಮೂರು ತಿಂಗಳು ಅಮಾನತಾಗಬಹುದು. ಬಿದ್ದು ಸತ್ತರೆ ಇನ್ಶೂರೆನ್ಸ್ ಕಂಪನಿ ಆ ಜನರಿಗೆ ದುಡ್ಡು ಕೊಡಲು ಒಪ್ಪುವುದಿಲ್ಲ. ಹೆಣ್ಣುಮಕ್ಕಳು, ಕೂಸುಗಳು ಇರುತ್ತಾರೆ ಅಲ್ಲಿ.

ಬಲ್ಕರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮುದ್ದಾಪುರ, ಯಾದವಾಡ ಕಡೆಯ ಸಿಮೆಂಟ್ ಕಾರ್ಖಾನೆಗಳಿಂದ ವರ್ಷವಿಡೀ ಕೆಲಸ ಇರುತ್ತದೆ, ಮಾಲಿಗೆ ಹಗ್ಗ, ತಾಡಪತ್ರಿ ಕಾಟ ಇಲ್ಲ. ಆದರೆ ಬಲ್ಕರ್‌ನ ಭಾರ ಮೇಲೆ ಇರುತ್ತದೆ, ತಿರುವಿನಲ್ಲಿ ವೇಗ ಸ್ವಲ್ಪ ಜಾಸ್ತಿಯಾದರೂ ಮಗುಚುತ್ತದೆ. ಖಾಲಿ ಮಾಡುವುದು ಕಂಪ್ರೆಸರ್ ಗಾಳಿಯ ಒತ್ತಡದಿಂದ. ಒತ್ತಡ ಪೂರ್ತಿ ಇಳಿಸದೆ ಮೇಲಿನ ಮುಚ್ಚಳ ಬಿಚ್ಚಿದರೆ ಜೀವಕ್ಕೇ ಅಪಾಯ. ಇದು ಎರಡನೇ ಕೆಲಸಕ್ಕೆ ಒಳ್ಳೆಯದು.

ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಭಾಗದಲ್ಲಿ ಸಕ್ಕರೆ ಕಾರ್ಖಾನೆಗಳಿಂದ ಎಥನಾಲ್ ಟ್ಯಾಂಕರ್ ಓಡಾಟ ಜಾಸ್ತಿಯಾಗಿದೆ, ಯಾರಾದರೂ ಕರೆಯಬಹುದು. ಅರ್ಧ ತುಂಬಿದ ಕೊಡ ಹೊತ್ತು ನಡೆದವರಿಗೆ ಗೊತ್ತು, ಒಳಗಿನ ನೀರು ನಮ್ಮನ್ನೇ ಎಳೆಯುತ್ತದೆ. ಟ್ಯಾಂಕರ್ ಕೂಡ ಹಾಗೇ, ಬ್ರೇಕ್ ಹಾಕಿ ನಿಂತ ಮೇಲೂ ಮಾಲು ಮುಂದಕ್ಕೆ ನೂಕುತ್ತದೆ. ಎಥನಾಲ್, ಪೆಟ್ರೋಲ್, ಗ್ಯಾಸ್ ಇವೆಲ್ಲ ಅಪಾಯಕಾರಿ ಸರಕು. ಇವನ್ನು ಒಯ್ಯಲು ಬರೀ ಹೆವಿ ಲೈಸೆನ್ಸ್ ಸಾಲದು. ಮೂರು ದಿನದ ತರಬೇತಿ ಮುಗಿಸಿ, ಲೈಸೆನ್ಸ್ ಮೇಲೆ ಅದನ್ನು ಬೇರೆಯಾಗಿ ಬರೆಸಬೇಕು. ಅದಿಲ್ಲದೆ ಗಾಡಿ ಹತ್ತು ಅನ್ನುವವರ ಹತ್ತಿರ ಹೋಗಬೇಡ.

ಕಾಸ್ಟಿಂಗ್ ಗಾಡಿಗೆ ಬರೋಣ. ಅದು ಸುಲಭ ಅಂತ ಕಳಿಸುತ್ತಿಲ್ಲ. ಉದ್ಯಮಬಾಗ, ಮಚ್ಛೆ ಕಡೆಯ ಫೌಂಡ್ರಿಗಳ ಮಾಲು ಎರಕದ ಕಬ್ಬಿಣ. ಹನ್ನೊಂದು ಟನ್ ಹೇರಿದರೂ ಡಾಲಾ ಅರ್ಧ ಖಾಲಿ ಕಾಣುತ್ತದೆ. ಜಾಗ ಇದೆಯಲ್ಲ ಅಂತ ಇನ್ನೆರಡು ಪ್ಯಾಲೆಟ್ ಇಟ್ಟರೆ ಓವರ್‌ಲೋಡ್ ಆಯಿತು, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಕಾಟಾ ಚೀಟಿ ನೋಡದೆ ಗೇಟ್ ದಾಟಬೇಡ. 2019ರ ತಿದ್ದುಪಡಿ ಆದ ಮೇಲೆ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000. ಜಾಸ್ತಿ ಮಾಲು ಇಳಿಸಿದ ಮೇಲೆಯೇ ಗಾಡಿ ಬಿಡಬೇಕು ಅಂತ ಕಾಯ್ದೆ ಇದೆ. ದಂಡ ಮಾಲಕರು ಕಟ್ಟಬಹುದು, ಅಮಾನತಾಗುವುದು ನಿನ್ನ ಲೈಸೆನ್ಸ್.

ಎರಡನೆಯದು, ಮಾಲು ಎಲ್ಲಿ ಕೂತಿದೆ ಅನ್ನುವುದು. ಎಲ್ಲ ಭಾರ ಹಿಂದೆ ಹೇರಿದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ತೇಲುತ್ತದೆ. ಕ್ಯಾಬಿನ್‌ಗೂ ಮಾಲಿಗೂ ನಡುವೆ ಜಾಗ ಬಿಟ್ಟರೆ ಗಟ್ಟಿ ಬ್ರೇಕ್ ಹಾಕಿದಾಗ ಕಬ್ಬಿಣ ಜಾರಿ ಬಂದು ಕ್ಯಾಬಿನ್‌ಗೇ ಹೊಡೆಯುತ್ತದೆ. ಹಮಾಲರು ತಮಗೆ ಅನುಕೂಲ ಆದ ಹಾಗೆ ಇಟ್ಟು ಹೋಗುತ್ತಾರೆ. ನೀನು ಇಳಿದು ನಿಂತು, ಹೀಗಲ್ಲ ಹೀಗೆ ಅಂತ ಹೇಳಿ ಇಡಿಸಬೇಕು, ಗೂಟ ಕೊಟ್ಟು ಬೆಲ್ಟ್ ಬಿಗಿಯಬೇಕು. ಮೊದಮೊದಲು ಹೇಳಲು ಸಂಕೋಚ ಆಗುತ್ತದೆ. ಹಿರಿಯ ಡ್ರೈವರ್ ಹೇಗೆ ಹೇಳುತ್ತಾರೆ ಅಂತ ನೋಡು. ಜಗಳ ಆಡದೆ ಕೆಲಸ ಮಾಡಿಸಿಕೊಳ್ಳುವುದನ್ನೂ ಅವರ ಹತ್ತಿರ ಕಲಿಯಬೇಕು.

ಈ ಲೈನಿನ ಒಳ್ಳೆಯ ಗುಣ ಅಂದರೆ ಅದೇ ದಾರಿ, ಅದೇ ಗೇಟು, ಅದೇ ಜನ. ಬೆಳಗಾವಿಯಿಂದ ಕೊಲ್ಹಾಪುರ ಸುಮಾರು 110 ಕಿ.ಮೀ., ಪುಣೆ ಸುಮಾರು 340 ಕಿ.ಮೀ. ಬೋರ್ ಘಾಟ್ ಬಿಟ್ಟು ಮೇಲೆ ಹೇಳಿದ ಉಳಿದ ಘಾಟ್‌ಗಳನ್ನೂ ಈ ದಾರಿಯಲ್ಲಿಯೇ ದಾಟುತ್ತೀಯ, ಆದರೆ ಹದಿನೆಂಟೂವರೆ ಟನ್ ಗಾಡಿಯಲ್ಲಿ, ಪಕ್ಕದಲ್ಲಿ ಬಲ್ಲವರು ಇದ್ದಾಗ. ಕಾಗದಪತ್ರದ ಕೆಲಸವೂ ಇಲ್ಲಿ ಚೆನ್ನಾಗಿ ಬರುತ್ತದೆ. ಬಿಲ್ಟಿ (ಸಾಗಣೆ ರಸೀದಿ), ಇನ್‌ವಾಯ್ಸ್, ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿಯ ಆನ್‌ಲೈನ್ ಚೀಟಿ) ಮೂರರಲ್ಲೂ ಮಾಲು ಒಂದೇ ಇದೆಯಾ, ಇ-ವೇ ಬಿಲ್‌ನಲ್ಲಿ ನಿನ್ನ ಗಾಡಿಯ ನಂಬರೇ ಇದೆಯಾ ಅಂತ ಹೊರಡುವ ಮೊದಲೇ ನೋಡಿಕೋ. ಇ-ವೇ ಬಿಲ್‌ಗೆ 200 ಕಿ.ಮೀ.ಗೆ ಒಂದು ದಿನದ ಲೆಕ್ಕ. ಪುಣೆಗೆ ಎರಡು ದಿನ ಸಿಗುತ್ತದೆ. ದಾರಿಯಲ್ಲಿ ಗಾಡಿ ಕೆಟ್ಟು ಅವಧಿ ಮುಗಿಯುವ ಹಾಗಿದ್ದರೆ ಕೂಡಲೇ ಆಫೀಸಿಗೆ ಫೋನ್ ಮಾಡಿ ಅವಧಿ ಹೆಚ್ಚಿಸಲು ಹೇಳು. ನಿಪ್ಪಾಣಿ ದಾಟಿದರೆ ಮರಾಠಿ, ಹಿಂದಿ ಬೇಕಾಗುತ್ತದೆ. ಗಡಿ ಭಾಗದವರಿಗೆ ಅದೇನೂ ಕಷ್ಟ ಆಗುವುದಿಲ್ಲ.

ಈಗ ದುಡ್ಡಿನ ಮಾತು. ಮುಂಬೈ ಲೈನಿನವರು ಹೇಳಿದ ಪಗಾರ ನೋಡಿ ನಿನಗೆ ಆಸೆ ಆಗಿದೆ, ಅದು ಸಹಜ. ಆದರೆ ಹೇಳುವ ಪಗಾರ ಬೇರೆ, ಕೈಗೆ ಬರುವುದು ಬೇರೆ. ಏನೇನು ಕಡಿತ ಮಾಡುತ್ತೀರಿ ಅಂತ ಕೇಳು. ಟಾಯರ್ ಒಡೆದರೆ ಯಾರ ಲೆಕ್ಕ? ಮಾಲು ಕಡಿಮೆ ಬಿದ್ದರೆ? ಪೊಲೀಸ್ ದಂಡ ಯಾರದು? ಗಾಡಿ ಲೋಡಿಲ್ಲದೆ ಎರಡು ದಿನ ನಿಂತರೆ ಊಟದ ಭತ್ತೆ ಉಂಟಾ? ಎಲ್ಲಕ್ಕಿಂತ ಮುಖ್ಯ, ಆವರೇಜ್, ಅಂದರೆ ಲೀಟರಿಗೆ ಇಷ್ಟು ಕಿ.ಮೀ. ಅನ್ನುವ ಲೆಕ್ಕ, ಎಷ್ಟು ಹಿಡಿಯುತ್ತೀರಿ?

ಆವರೇಜ್‌ನಲ್ಲಿ ಹೊಸಬರು ಹೇಗೆ ಸಿಕ್ಕಿಬೀಳುತ್ತಾರೆ ನೋಡು. ಪುಣೆಗೆ ಹೋಗಿ ಬಂದರೆ 680 ಕಿ.ಮೀ. ಅಂತ ಇಟ್ಟುಕೋ. ಮಾಲಕರು ಲೀಟರಿಗೆ ನಾಲ್ಕೂವರೆ ಕಿ.ಮೀ. ಹಿಡಿದು 151 ಲೀಟರ್ ಕೊಟ್ಟರು. ಆ ಗಾಡಿ ನಿಜವಾಗಿ ಕೊಡುವುದು ನಾಲ್ಕು. ಆಗ ಬೇಕಾಗುವುದು 170 ಲೀಟರ್. ಹತ್ತೊಂಬತ್ತು ಲೀಟರ್ ಕಡಿಮೆ ಬಿತ್ತು. ಲೀಟರಿಗೆ 90 ರೂಪಾಯಿ ಅಂತ ಹಿಡಿದರೂ ಒಂದೇ ಟ್ರಿಪ್ಪಿಗೆ 1,710 ರೂಪಾಯಿ ನಿನ್ನ ಪಗಾರದಲ್ಲಿ ಮುರಿಯುತ್ತಾರೆ. ಹಳೇ ಡ್ರೈವರ್‌ಗೆ ಗಾಡಿಯ ಗುಣ ಗೊತ್ತಿರುತ್ತದೆ, ಹೊಸಬನ ಕಾಲು ಭಾರ ಇರುತ್ತದೆ, ಆವರೇಜ್ ಇನ್ನೂ ಕೆಳಗೆ ಬರುತ್ತದೆ. ಕೆಲಸಕ್ಕೆ ಸೇರುವ ಮೊದಲು ಒಂದು ಟ್ರಿಪ್ ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಅಳೆದು, ಬಂದ ಲೆಕ್ಕವನ್ನೇ ಹಿಡಿಯಿರಿ ಅಂತ ಕೇಳು. ಒಳ್ಳೆಯ ಮಾಲಕರು ಒಪ್ಪುತ್ತಾರೆ. ಕಲಿಯುವ ಮೂರು ತಿಂಗಳಂತೂ ಆವರೇಜ್ ಕಡಿತ ಬೇಡ ಅಂತ ಮೊದಲೇ ಮಾತಾಡಿಕೋ.

ಸಾಲ ಇದೆ ಅಂತ ಅಡ್ವಾನ್ಸ್ ತೆಗೆದುಕೊಳ್ಳಲು ಮನಸ್ಸಾಗಬಹುದು. ಬೇಡ. ದೊಡ್ಡ ಅಡ್ವಾನ್ಸ್ ತೆಗೆದುಕೊಂಡವನು ಬ್ರೇಕ್ ಸರಿ ಇಲ್ಲದ ಗಾಡಿಯನ್ನೂ ಬೇಡ ಅನ್ನಲಾರ. ಮೂಲ ಲೈಸೆನ್ಸ್ ಕಾರ್ಡನ್ನು ಮಾಲಕರ ಕೈಗೆ ಕೊಟ್ಟು ಬರಬೇಡ, ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡ. ಲೈಸೆನ್ಸ್ ಅನ್ನು ಡಿಜಿಲಾಕರ್‌ನಲ್ಲಿಯೂ ಇಟ್ಟುಕೋ, ಅದನ್ನು ತೋರಿಸಿದರೂ ನಡೆಯುತ್ತದೆ. ಹೆವಿ ಲೈಸೆನ್ಸ್‌ಗೆ 5 ವರ್ಷಕ್ಕೊಮ್ಮೆ ನವೀಕರಣ ಇದೆ. ಕಾರ್ಡಿನ ಮೇಲೆ ಬರೆದ ಎರಡು ದಿನಾಂಕಗಳಲ್ಲಿ ಟ್ರಾನ್ಸ್‌ಪೋರ್ಟ್ ಅಂತ ಇರುವುದನ್ನು ನೋಡಿಕೋ.

ಮಾಲಕರನ್ನು ಅಳೆಯಲು ಗಾಡಿಯನ್ನು ನೋಡಿದರೆ ಸಾಕು. ಹಗಲು ಹೊತ್ತಿನಲ್ಲಿ ಹೋಗು. ಮುಂದಿನ ಎರಡು ಟಾಯರ್ ಹೇಗಿವೆ? ಹಿಂದಿನ ಜೋಡಿ ಟಾಯರ್‌ಗಳ ನಡುವೆ ಕಲ್ಲು ಸಿಕ್ಕಿದೆಯಾ, ಒಳಗಿನದು ಸವೆದಿದೆಯಾ? ಚಾಲೂ ಮಾಡಿ ಗಾಳಿ ತುಂಬಿದ ಮೇಲೆ ಎಂಜಿನ್ ಬಂದ್ ಮಾಡಿ, ಬ್ರೇಕ್ ಒತ್ತಿ ಹಿಡಿದು ಗಾಳಿಯ ಮೀಟರಿನ ಮುಳ್ಳು ನೋಡು. ಸರಸರ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ. ಹಿಂದಿನ ದೀಪ, ರಿಫ್ಲೆಕ್ಟರ್ ಪಟ್ಟಿ, ವೈಪರ್, ಎಡಗಡೆ ಕನ್ನಡಿ ನೋಡು. ಎಡಗಡೆ ಡ್ರೈವರ್ ಕಣ್ಣಿಗೆ ಕಾಣದ ಜಾಗ ಬಹಳ, ಬೈಕಿನವರು ಅಲ್ಲೇ ನುಗ್ಗುತ್ತಾರೆ. 2020ರ ನಂತರದ ಬಿಎಸ್-6 ಗಾಡಿಯಾದರೆ ಹೊಗೆ ಶುದ್ಧ ಮಾಡುವ ಯೂರಿಯಾ ದ್ರಾವಣದ ಟ್ಯಾಂಕ್ ಇರುತ್ತದೆ. ಅದಕ್ಕೆ ನೀರು ಬೆರೆಸುತ್ತಾರಾ ಅಂತ ಹಳೇ ಡ್ರೈವರ್ ಹತ್ತಿರ ಕೇಳು, ಸತ್ಯ ಹೇಳುತ್ತಾನೆ. ಯೂರಿಯಾ ಮುಗಿದರೆ ಗಾಡಿ ಶಕ್ತಿ ಕಳೆದುಕೊಳ್ಳುತ್ತದೆ, ಅದೂ ಘಾಟ್‌ನಲ್ಲಿಯೇ ಆದೀತು. ಆಮೇಲೆ ಫಿಟ್‌ನೆಸ್, ಇನ್ಶೂರೆನ್ಸ್, ಪರ್ಮಿಟ್, ಟ್ಯಾಕ್ಸ್, ಎಮಿಷನ್ ಇವುಗಳ ದಿನಾಂಕ. ಗಾಡಿ ನಂಬರ್ ಹಾಕಿದರೆ ಎಂಪರಿವಾಹನ್ ಆ್ಯಪ್‌ನಲ್ಲಿ ಹೆಚ್ಚಿನವು ಕಾಣುತ್ತವೆ, ಯಾರನ್ನೂ ಕೇಳಬೇಕಿಲ್ಲ. ಪಾಲಿಸಿಯಲ್ಲಿ ಡ್ರೈವರ್‌ಗೆ ರಕ್ಷಣೆ ಇದೆಯಾ, ಕ್ಲೀನರ್ ಇದ್ದರೆ ಅವನಿಗೂ ಇದೆಯಾ ಅಂತ ಓದಿಸಿ ತಿಳಿದುಕೋ.

ನಿನ್ನ ಕಡೆಯಿಂದಲೂ ಒಂದು ಕೆಲಸ ಇದೆ. ರಾಜ್ಯದ ಕಾರ್ಮಿಕ ಇಲಾಖೆಯಿಂದ ಖಾಸಗಿ ವಾಣಿಜ್ಯ ವಾಹನ ಚಾಲಕರಿಗೆ ಅಪಘಾತ ಪರಿಹಾರ ಯೋಜನೆ ಇದೆ. ಅಪಘಾತದಲ್ಲಿ ಡ್ರೈವರ್ ತೀರಿಕೊಂಡರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ. ಬಾಗಲಕೋಟೆಯ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ವಿಚಾರಿಸು, ಇದೇ ವಾರ ಹೋಗು. ಇದು ಸಾಯುವ ಮಾತು ಅಂತ ಮನೆಯಲ್ಲಿ ಹೇಳಲು ಹಿಂಜರಿಯಬೇಡ, ಅವ್ವನಿಗೆ ಇದರ ಕಾಗದ ಎಲ್ಲಿಟ್ಟಿದ್ದೇನೆ ಅಂತ ತಿಳಿಸಿಡು.

ನಿದ್ದೆಯ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅನ್ನುವುದು ಮೋಟಾರು ಸಾರಿಗೆ ಕಾರ್ಮಿಕರಿಗೆ 1961ರ ಕಾಯ್ದೆ ಬಂದಾಗಿನಿಂದ ಇರುವ ಲೆಕ್ಕ. ಲಾರಿ ಲೈನಿನಲ್ಲಿ ಅದನ್ನು ಪಾಲಿಸುವವರು ಕಡಿಮೆ ಅಂತ ನಿನಗೂ ಗೊತ್ತು. ಆದರೆ ರಾತ್ರಿ ಎರಡರಿಂದ ಬೆಳಗಿನ ಐದರ ತನಕ ಎಂಥ ಡ್ರೈವರ್‌ಗೂ ಕಣ್ಣು ಎಳೆಯುತ್ತದೆ, ಚಹಾ, ಗುಟ್ಕಾ, ಹಾಡು ಯಾವುದೂ ಅದನ್ನು ನಿಲ್ಲಿಸುವುದಿಲ್ಲ. ಗುಳಿಗೆ ಕೊಡುವವರು ಸಿಗುತ್ತಾರೆ, ಮುಟ್ಟಬೇಡ. ರಾತ್ರಿ ಎರಡಕ್ಕೆ ನಿದ್ದೆ ಬಂತು ಅಂತ ಧಾಬಾದಲ್ಲಿ ನಿಲ್ಲಿಸಿದರೆ ಏನನ್ನುತ್ತೀರಿ ಅಂತ ಮಾಲಕರನ್ನು ಮೊದಲ ದಿನವೇ ಕೇಳು. ಬಂದ ಉತ್ತರದ ಮೇಲೆ ನಿರ್ಧಾರ ಮಾಡು.

ಅಪಘಾತ ಆದರೆ ಏನು ಮಾಡಬೇಕು ಅನ್ನುವುದನ್ನೂ ಈಗಲೇ ತಿಳಿದಿರು. ಗಾಯ ಆದವರನ್ನು ಹತ್ತಿರದ ಆಸ್ಪತ್ರೆಗೆ ಮುಟ್ಟಿಸುವುದು, ಪೊಲೀಸರಿಗೆ ತಿಳಿಸುವುದು ಡ್ರೈವರ್ ಕರ್ತವ್ಯ ಅಂತ ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಹೇಳುತ್ತದೆ. ಜನ ಸೇರಿ ಹೊಡೆಯುವ ಪರಿಸ್ಥಿತಿ ಇದ್ದರೆ ಅಲ್ಲಿ ನಿಲ್ಲಲು ಆಗುವುದಿಲ್ಲ ಅನ್ನುವುದನ್ನು ಕಾಯ್ದೆಯೂ ಒಪ್ಪುತ್ತದೆ. ಆಗ ಸೀದಾ ಪೊಲೀಸ್ ಠಾಣೆಗೆ ಹೋಗು, ದಾರಿಯಲ್ಲೇ 112ಕ್ಕೆ ಫೋನ್ ಮಾಡು. ಊರಿಗೆ ಓಡಿ ಬರಬೇಡ.

ಸಾಲದ ಲೆಕ್ಕಕ್ಕೆ ಬರುತ್ತೇನೆ ಅಂದಿದ್ದೆ. ಮೂರು ತಿಂಗಳು ಕಡಿಮೆ ಪಗಾರ ಬರುತ್ತದೆ, ನಿಜ. ಒಂದು ವರ್ಷ ಆ ಲೈನಿನಲ್ಲಿ ಅಪಘಾತ ಇಲ್ಲದೆ, ದಂಡ ಇಲ್ಲದೆ ಓಡಿಸಿದ ಮೇಲೆ ಹತ್ತು ಚಕ್ರದ್ದೋ ಹನ್ನೆರಡು ಚಕ್ರದ್ದೋ ಗಾಡಿ ಹುಡುಕಿಕೊಂಡು ಬರುತ್ತದೆ. ಬೆಳಗಾವಿ ಆಟೊನಗರದಲ್ಲಿ ಯಾವ ಹುಡುಗ ಹೇಗೆ ಓಡಿಸುತ್ತಾನೆ ಅಂತ ಮೆಕ್ಯಾನಿಕ್‌ಗಳಿಗೆ, ಟಾಯರ್ ಅಂಗಡಿಯವರಿಗೆ ಗೊತ್ತಿರುತ್ತದೆ. ಮಾಲಕರು ಮೊದಲು ಅವರನ್ನೇ ಕೇಳುವುದು. ಆಗ ಪಗಾರ ಹೇಳುವವನು ನೀನು. ಅದೇ ಈಗ ಮುಂಬೈ ಲೈನಿಗೆ ಹೋಗಿ ಎರಡನೇ ತಿಂಗಳು ಒಂದು ಗುದ್ದು ಆದರೆ, ಗಾಡಿ ರಿಪೇರಿ ದುಡ್ಡು ನಿನ್ನ ಸಾಲಕ್ಕೆ ಸೇರುತ್ತದೆ, ಜೊತೆಗೆ ಕೋರ್ಟಿನ ತಿರುಗಾಟ.

ಸರ್ಕಾರಿ ಬಸ್ ಕಡೆ ಮನಸ್ಸಿದ್ದರೂ ಈ ವರ್ಷ ವ್ಯರ್ಥ ಆಗುವುದಿಲ್ಲ. ಬಾಗಲಕೋಟೆ, ಬೆಳಗಾವಿ, ಚಿಕ್ಕೋಡಿ ವಿಭಾಗಗಳು ವಾಯವ್ಯ ಸಾರಿಗೆಗೆ ಬರುತ್ತವೆ, ವಿಜಯಪುರ ಕಲ್ಯಾಣ ಕರ್ನಾಟಕ ಸಾರಿಗೆಗೆ. ಹಿಂದಿನ ಡ್ರೈವರ್ ನೇಮಕಾತಿಗಳಲ್ಲಿ ಹೆವಿ ಲೈಸೆನ್ಸ್ ಸಿಕ್ಕು ಎರಡು ವರ್ಷ ಆಗಿರಬೇಕು ಅಂತ ಕೇಳಿದ್ದರು, ಪ್ರಯಾಣಿಕರ ಗಾಡಿ ಓಡಿಸಲು ಆರ್‌ಟಿಒ ಕೊಡುವ ಬ್ಯಾಡ್ಜ್ ಕೂಡ ಬೇಕಿತ್ತು. ಲಾರಿಗೆ ಬ್ಯಾಡ್ಜ್ ಬೇಡ, ಆದರೆ ಆ ಯೋಚನೆ ಇದ್ದರೆ ಈಗಲೇ ಮಾಡಿಸಿಡು.

ಉದ್ಯಮಬಾಗದ ಮಾಲಕರಿಗೆ ಫೋನ್ ಮಾಡಿದಾಗ ಮೊದಲು ಕೇಳಬೇಕಾದ್ದು, ಯಾವ ಡ್ರೈವರ್ ಜೊತೆ ಕಳಿಸುತ್ತೀರಿ ಅಂತ. ಹೆಸರು ಹೇಳಿದರೆ ಹೋಗಿ ಅವರನ್ನು ಕಾಣು, ಒಂದು ಟ್ರಿಪ್ ಸುಮ್ನೆ ಪಕ್ಕದಲ್ಲಿ ಕೂತು ಬರುತ್ತೇನೆ ಅನ್ನು. ಅವರು ಇಳಿಜಾರಿನಲ್ಲಿ ಗೇರ್ ಇಳಿಸುತ್ತಾರಾ, ಹೊರಡುವ ಮೊದಲು ಗಾಡಿ ಸುತ್ತ ಒಂದು ಸುತ್ತು ಹಾಕುತ್ತಾರಾ, ಕುಡಿಯುತ್ತಾರಾ ಅಂತ ನೋಡು. ಕುಡಿದು ಓಡಿಸುವವರ ಹತ್ತಿರ ಕಲಿಯಬೇಡ, ಎಷ್ಟೇ ಅನುಭವಿ ಆಗಿದ್ದರೂ. ಅಲ್ಲಿ ಸರಿಯಾದ ಜನ ಸಿಗದಿದ್ದರೆ ಅಥವಾ ಮೂರು ತಿಂಗಳ ಮಾತಿನಿಂದ ಮಾಲಕರು ಹಿಂದೆ ಸರಿದರೆ, ಲೋಕಾಪುರ, ಮುಧೋಳ ಕಡೆಯಿಂದ ಸಿಮೆಂಟ್ ಚೀಲ ಒಯ್ಯುವ ಹತ್ತು ಚಕ್ರದ ಗಾಡಿಗಳಲ್ಲಿ ಕೇಳು. ಬಲ್ಕರ್ ಅಲ್ಲ, ಚೀಲದ ಗಾಡಿ. ಅಲ್ಲಿಯೂ ಇದೇ ಷರತ್ತು ಇಡು, ಮೊದಲು ಕೆಲವು ವಾರ ಒಬ್ಬರ ಜೊತೆ ಹೋಗುತ್ತೇನೆ ಅಂತ. ಮಾವನಿಗೆ ಬೇಸರ ಆಗದ ಹಾಗೆ ಈ ಹಂಗಾಮು ಬೇಡ ಅಂತ ಈಗಲೇ ಹೇಳಿಬಿಡು, ಅವರೂ ಬೇರೆ ಡ್ರೈವರ್ ನೋಡಿಕೊಳ್ಳಬೇಕಲ್ಲ.